ಮೋಟಾರ್ ಸೈಕಲ್ ಅಜ್ಜಿ

ನನ್ನ ಗಂಡನ ಹಟ್ಟಿಯಲ್ಲಿ ಹನ್ನೊಂದು ಜನ ದೊಡ್ಡವರಿದ್ದರು. ಆ ಹನ್ನೊಂದು ಜನರ ನಡುವೆ ನನ್ನ ಎರಡು ಮಕ್ಕಳು ಸತ್ತವು.

ಮೊದಲನೆಯದು ಗಂಡು. ವರ್ಷದ ಮೇಲೆ ಎರಡು ತಿಂಗಳು. ನಾಟಿ ಕಾಲ. ನಾನು ಬೆಳಗಿನಿಂದ ಹೊಳೆದಂಡೆಯ ಗದ್ದೆಯಲ್ಲಿ ಮೊಣಕಾಲುಮಟ್ಟ ಕೆಸರಿನಲ್ಲಿ ಬಗ್ಗಿರುತ್ತಿದ್ದೆ. ಬೆಳಿಗ್ಗೆ ಮಾಡಿಟ್ಟ ಸಜ್ಜೆ ಗಂಜಿ ಮಧ್ಯಾಹ್ನಕ್ಕೆ ಹುಳಿ ಬಂದಿತ್ತು. ಅದನ್ನು ಯಾರೋ ಮಗುವಿಗೆ ಕುಡಿಸಿದರು. ಮೂರು ದಿನ ಭೇದಿ. ನಾಲ್ಕನೆಯ ದಿನ ಮಗು ಇರಲಿಲ್ಲ.

ಎರಡನೆಯದು ಹೆಣ್ಣು. ಜ್ವರ. ಆಸ್ಪತ್ರೆ ದೂರ. ಗಾಡಿ ಬೇಕಿತ್ತು. ಹಟ್ಟಿಯ ಹಿರಿಯ ನನ್ನ ಭಾವ ದೆಂಬೊ ಡಿಬ್ಬಾ. ಅವನು ಹೇಳಿದ: "ಕತ್ತೆಗಾಡಿ ಗೊಬ್ಬರಕ್ಕೆ ಹೋಗಿದೆ. ಬರ್ಲಿ ಇರು." ಗಾಡಿ ಸಂಜೆಗೆ ಬಂತು. ಮಗಳು ಮಧ್ಯಾಹ್ನವೇ ಹೋಗಿದ್ದಳು.

ಊರಿನ ಹೆಂಗಸರು ಕೇಳಿದರು: "ಯಾರ ಕೈಲಿ ಬಿಟ್ಟು ಹೋಗಿದ್ದೆ ಫಿಲಿಜೆ?" ನಾನು ಹೇಳಿದೆ: "ಮನೇಲಿ." ಅವರು ಮತ್ತೆ ಕೇಳಿದರು: "ಮನೇಲಿ ಅಂದ್ರೆ ಯಾರ ಹತ್ರ?" ಮನೆ ತುಂಬ ಜನರಿದ್ದರು. ಮಗುವಿನ ಹತ್ತಿರ ಯಾರೂ ಇರಲಿಲ್ಲ.

ಎರಡು ಮಕ್ಕಳನ್ನು ಹೂತ ಮೇಲೆ ಕಾನ್ಯೆಲೆಂಗ್ ಹೆಂಗಸರು ನನ್ನನ್ನು ಕರೆದೊಯ್ಯಲು ಬಂದರು. ಮಕ್ಕಳು ಹುಟ್ಟದವರು, ಹುಟ್ಟಿದ್ದನ್ನು ಮಣ್ಣಿಗೆ ಕೊಟ್ಟವರು ಕಟ್ಟಿಕೊಂಡ ಕೂಟ ಅದು. ಅವರ ಕೆಲಸ ಕೋಡಂಗಿತನ. ಅವರ ಮುಂದಾಳು ಜಲಿಕಾ ಫಾಟಿ. ನಾಲ್ಕು ಮಕ್ಕಳನ್ನು ಹೂತವಳು. ನಮ್ಮೂರು ಬಂತಂಗ್‌ಕೋಟೊದಲ್ಲಿ ಅವಳಷ್ಟು ಅಗಲದ ಹೆಂಗಸು ಬೇರೆ ಇಲ್ಲ. ತಲೆಗೆ ಅರ್ಧ ಸೋರೆಬುರುಡೆ, ಕೊರಳಿಗೆ ಸೋಡಾ ಬಾಟಲಿ ಮುಚ್ಚಳಗಳ ಸರ, ಸೊಂಟಕ್ಕೆ ಹಿಂದೆ ಹರಿದ ಗಂಡಸರ ಪ್ಯಾಂಟು.

"ಅತ್ತಿದ್ದು ಸಾಕು ಕಣೆ," ಎಂದಳು. "ಅಳೋ ಹೆಂಗ್ಸು ಅಂದ್ರೆ ಸಾವಿಗೆ ಬಲು ಪ್ರೀತಿ. ನಗೋ ಹೆಂಗ್ಸಿನ ಹತ್ರ ಬರೋಕೆ ಅದು ನಾಚ್ಕೊಳ್ಳುತ್ತೆ."

"ನಗು ಬರಲ್ಲ ಜಲಿಕಾ."

"ಬರ್ದಿದ್ರೆ ಹೂಸು ಬಿಡು. ನಾವು ನಗ್ತೀವಿ. ನೋಡ್ಕೊಂಡು ಕಲೀವಂತೆ."

ನನ್ನನ್ನು ನೆಲದ ಮೇಲೆ ಅಂಬೆಗಾಲಿಡಿಸಿದರು. ತಟ್ಟೆಯಿಲ್ಲದೆ ನೆಲದಿಂದ ಅನ್ನ ತಿನ್ನಿಸಿದರು. ಊರ ಯಜಮಾನನ ಮುಂದೆ ಕುಣಿಸಿದರು. ಒಂದೇ ಕಟ್ಟಳೆ ಹೇಳಿದರು: ಕಾನ್ಯೆಲೆಂಗ್ ಹೆಂಗಸು ಯಾರಿಗೆ ಏನು ಬೇಕಾದರೂ ಅನ್ನಬಹುದು. ಸಿಟ್ಟು ಮಾಡಿಕೊಂಡವನ ಮಾನ ಹೋಗುತ್ತದೆ, ಅಂದವಳದ್ದಲ್ಲ.

ಮೂರನೆಯ ಮಗು ಹುಟ್ಟಿತು. ಹೆಣ್ಣು. ಎಂಟನೆಯ ದಿನ ಜಲಿಕಾ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಬುಟ್ಟಿ ಮುಚ್ಚಿದಳು. ಸುತ್ತು ಹೊಡೆದು ಬಂದು, ಏನೂ ಗೊತ್ತಿಲ್ಲದವಳಂತೆ ಬುಟ್ಟಿ ಎತ್ತಿದಳು. "ಯಾರೋ ಕಸ ಎಸೆದಿದ್ದಾರೆ. ಯಾರಿಗೂ ಬೇಡ್ವಾ? ಹಂಗಾದ್ರೆ ನಾನು ಎತ್ಕೊಂಡು ಹೋಗ್ತೀನಿ." ಮಗುವಿಗೆ ಸುಂತುಕುಂಗ್ ಎಂದು ಹೆಸರಿಟ್ಟಳು. ತಿಪ್ಪೆ ಅಂತ ಅರ್ಥ. ಸಾವು ಬಾಗಿಲಿಗೆ ಬಂದು ಹೆಸರು ಕೇಳಿದರೆ ಮೂಗು ಮುಚ್ಚಿಕೊಂಡು ವಾಪಸು ಹೋಗಲಿ ಅಂತ.

ಆ ದಿನವೇ ನನ್ನ ಅವ್ವ ನಾಟೊ ಬಂದಳು. ಒಂದು ಚಾಪೆ, ಒಂದು ತಗಡಿನ ಪೆಟ್ಟಿಗೆ, ಎರಡು ಕೋಳಿ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದರಲ್ಲಿ ಇಬ್ಬರಿಗೆ ಸಾಲುವಷ್ಟು ನೋಡುತ್ತಿದ್ದಳು. ಹೆಣ್ಣು ಕೊಟ್ಟ ತಾಯಿ ಮಗಳ ಗಂಡನ ಹಟ್ಟಿಯಲ್ಲಿ ಬೀಡುಬಿಡುವುದು ನಮ್ಮಲ್ಲಿ ನಾಚಿಕೆಯ ಮಾತು. ಅವಳಿಗೆ ಅದು ಗೊತ್ತಿತ್ತು. "ಮೂರು ದಿನ ಇದ್ದು ಹೋಗ್ತೀನಿ," ಎಂದಳು.

ಮೂರು ದಿನ ಕಳೆದು ಮೂರು ತಿಂಗಳಾಯಿತು.

"ಅವ್ವ, ಜನ ಆಡ್ಕೊಳ್ತಾರೆ," ಎಂದೆ.

"ನಾಚ್ಕೆ ನಂದು. ಹೊತ್ಕೊಳ್ಳೋಕೆ ಅಂಥ ಭಾರ ಏನಿಲ್ಲ. ನಿನ್ ಮಗಳೇ ಅದಕ್ಕಿಂತ ಭಾರ."

ಹಟ್ಟಿಯ ಕೊನೆಯಲ್ಲಿ ಯಾರೂ ಇರದ ಒಂದು ಗುಡಿಸಲಿತ್ತು. ಅವ್ವ ಅದನ್ನು ಗುಡಿಸಿ, ಸಾರಿಸಿ, ಸೊಳ್ಳೆಪರದೆ ಕಟ್ಟಿಕೊಂಡಳು. ನಾನು ಗದ್ದೆಗೆ ಹೋದರೆ ಬಿಸಿಲೇರುವ ಹೊತ್ತಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬದುವಿನ ಮೇಲೆ ಬಂದು ನಿಲ್ಲುವಳು. ನಾನು ಕೆಸರಿನ ಕೈ ತೊಳೆದು ಹಾಲು ಕೊಟ್ಟು ಮತ್ತೆ ಬಗ್ಗುವೆ. ಮಗು ಗಂಜಿ ಕುಡಿಯುವ ವಯಸ್ಸಿಗೆ ಬಂದ ಮೇಲೆ ದಿನಕ್ಕೆ ಮೂರು ಸಲ ಹೊಸದಾಗಿ ಗಂಜಿ ಕಾಯಿಸಿದಳು. ಉಳಿದದ್ದು ಕೋಳಿಗೆ. ಮುಚ್ಚಳವಿಲ್ಲದ ಮಡಕೆಯಿಂದ ಯಾರಾದರೂ ಮಗುವಿಗೆ ನೀರು ಕೊಟ್ಟರೆ ಅವರ ಕೈಗೆ ಸೌಟಿನಲ್ಲಿ ಬಾರಿಸುವಳು. ದೆಂಬೊನ ಚಿಕ್ಕ ಹೆಂಡತಿಗೂ ಒಂದು ಬಿದ್ದಿತು.

ಎರಡನೆಯ ಮಳೆಗಾಲದಲ್ಲಿ ತಿಪ್ಪೆಗೆ ಜ್ವರ ಬಂತು. ನಾನು ಗದ್ದೆಯಲ್ಲಿದ್ದೆ. ಅವ್ವ ಗಾಡಿ ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಗಂಟೆ ನಡೆದಳು. ಸಂಜೆ ಔಷಧಿಯ ಸಮೇತ ವಾಪಸು ಬಂದಾಗ ದೆಂಬೊ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ.

"ಎಲ್ಲಿಗೆ ಹೋಗಿದ್ರಿ ಅತ್ತೆ, ಒಂದು ಮಾತೂ ಹೇಳ್ದೆ?"

"ನೀನು ಚಹಾ ಕುಡೀತಿದ್ಯಲ್ಲಪ್ಪ. ಎಬ್ಬಿಸ್ಬಾರ್ದು ಅಂತ."

ದೆಂಬೊಗೆ ಅವ್ವ ಅವತ್ತಿನಿಂದ ಬೇಡವಾದಳು. ಅವಳು ತಿನ್ನುವ ಒಂದು ಹಿಡಿ ಅನ್ನಕ್ಕಲ್ಲ. ಅವಳು ಅವನನ್ನು ಕೇಳದೆ ನಡೆದ ಆ ಮೂರು ಗಂಟೆಗೆ.

ಆ ವರ್ಷ ಕಡಲೆಕಾಯಿ ಚೆನ್ನಾಗಿ ಬಂದಿತ್ತು. ದೆಂಬೊ ಒಂದು ಕೆಂಪು ಮೋಟಾರ್ ಸೈಕಲ್ ತಂದ. ದಿನಾ ಬೆಳಿಗ್ಗೆ ಅದನ್ನು ಒರೆಸುವನು. ಅದಕ್ಕೇ ಬೇರೆ ಟವಲು. ನಮ್ಮ ಹಟ್ಟಿಯಲ್ಲಿ ಯಾವ ಮಗುವಿಗೂ ಬೇರೆ ಟವಲು ಇರಲಿಲ್ಲ. ಚಿಕ್ಕ ಮಕ್ಕಳು ಮುಟ್ಟಿದರೆ ಗದರುವನು. ಹೆಂಡತಿಯರು ಒಳಗೊಳಗೇ ನಗುವರು: "ಮೂರನೇದು ತಂದಿದ್ದಾರೆ. ಇದಕ್ಕೆ ಮಾತ್ರ ಬಾಯಿಲ್ಲ."

ಬೇಸಿಗೆಯಲ್ಲಿ ಪಟ್ಟಣದಿಂದ ಒಬ್ಬ ಹೆಂಗಸು ಬಂದಳು. ಚಿಕ್ಕ ಮಕ್ಕಳಿರುವ ಮನೆಗಳಿಗೆ ಪೌಷ್ಟಿಕ ಹಿಟ್ಟು ಕೊಡುತ್ತಾರಂತೆ. ಅದಕ್ಕೆ ಪಟ್ಟಿ ಬರೆಯಬೇಕು. ಕೈಯಲ್ಲಿ ಟ್ಯಾಬ್ ಇತ್ತು. ಒಳ್ಳೆಯ ಹೆಂಗಸೇ. ಚಾಪೆಯ ಮೇಲೆ ಕೂತು ಎಲ್ಲರ ಯೋಗಕ್ಷೇಮ ಕೇಳಿದಳು. ಆಮೇಲೆ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಉತ್ತರ ಹೇಳಿದವನು ದೆಂಬೊ.

ತನ್ನ ಹೆಸರು ಹೇಳಿದ. ತಮ್ಮಂದಿರ ಹೆಸರು ಹೇಳಿದ. ಸಮುದ್ರದ ಕಡೆ ಕಟ್ಟಡ ಕೆಲಸಕ್ಕೆ ಹೋಗಿ ಎರಡು ವರ್ಷದಿಂದ ಮುಖ ತೋರಿಸದ ನನ್ನ ಗಂಡ ಯಾಂಕುಬಾನ ಹೆಸರನ್ನೂ ಹೇಳಿದ. ಹೆಂಗಸರನ್ನು ಎಣಿಸಿದ, ಮಕ್ಕಳನ್ನು ಎಣಿಸಿದ. ನಿಲ್ಲಿಸಿದ.

ಅವ್ವ ಅಲ್ಲೇ ಕೂತು ತಿಪ್ಪೆಯ ಮೂಗು ಒರೆಸುತ್ತಿದ್ದಳು.

"ಇವರು?" ಎಂದು ಆ ಹೆಂಗಸು ಕೇಳಿದಳು.

"ಅವರು ನೆಂಟರು."

"ಎಷ್ಟು ದಿನದಿಂದ ಇದ್ದಾರೆ?"

"ಎರಡು ವರ್ಷ ಆಯ್ತು," ಎಂದು ನಾನು ಹೇಳಿದೆ.

ಹೆಂಗಸು ಟ್ಯಾಬ್ ಮೇಲೆ ಬೆರಳು ಆಡಿಸಿದಳು. ಮತ್ತೆ ಆಡಿಸಿದಳು. "ಯಜಮಾನರು ಮನೆಯವರು ಅಂತ ಹೇಳಿದ್ರೆ ಬರ್ಕೋಬೋದಮ್ಮ. ನೆಂಟರು ಅಂದ್ರೆ ಇದರಲ್ಲಿ ಜಾಗ ಇಲ್ಲ."

ದೆಂಬೊ ಬಾಯಿ ಬಿಡಲಿಲ್ಲ. ಅವಳು ಮುಂದಿನ ಪ್ರಶ್ನೆಗೆ ಹೋದಳು. ಮನೆಯಲ್ಲಿ ರೇಡಿಯೊ ಇದೆಯಾ, ಸೊಳ್ಳೆಪರದೆ ಎಷ್ಟು, ಗಾಡಿ ಇದೆಯಾ. ಈಗ ದೆಂಬೊಗೆ ಬಾಯಿ ಬಂತು. "ಮೋಟಾರ್ ಸೈಕಲ್ ಇದೆ. ಬರ್ಕೊ. ಹೊಸದು." ಅವಳು ಬರೆದುಕೊಂಡಳು. ಅದಕ್ಕೆ ಜಾಗ ಇತ್ತು.

ಒಂದು ವಾರದ ಮೇಲೆ ದೆಂಬೊ ನನ್ನನ್ನು ಕರೆಸಿದ.

"ಮಳೆ ಹಿಡಿಯೋ ಮುಂಚೆ ನಿಮ್ಮವ್ವ ಊರಿಗೆ ಹೊರಡ್ಲಿ. ಆ ಗುಡಿಸ್ಲು ಬೇಕು."

"ಯಾತಕ್ಕೆ ಭಾವ?"

"ಗಾಡಿ ನೆನೀಬಾರ್ದು. ತುಕ್ಕು ಹಿಡಿಯುತ್ತೆ."

ಯಾಂಕುಬಾಗೆ ಫೋನ್ ಮಾಡಿದೆ. "ಅಣ್ಣ ಹೇಳಿದ ಮೇಲೆ ನಾನೇನ್ ಮಾಡ್ಲಿ?" ಎಂದ. ಅವನಿಗೂ ಮೋಟಾರ್ ಸೈಕಲ್ ಹೇಗಿದೆ ಎಂದು ತಿಳಿಯಬೇಕಿತ್ತು. ಯಾವ ಬಣ್ಣ ಎಂದು ಕೇಳಿದ. ನಾನು ಫೋನ್ ಇಟ್ಟೆ.

ಬಾವಿಕಟ್ಟೆಯಲ್ಲಿ ಜಲಿಕಾಳಿಗೆ ಎಲ್ಲ ಹೇಳಿದೆ. ಹೇಳುತ್ತಾ ಅಳು ಬಂತು. ಅವಳು ನನ್ನ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದಳು.

"ಅಳ್ಬೇಡ ಅಂದಿದ್ದೆ. ಸರಿಯಾಗಿ ಹೇಳು. ಪಟ್ಟೀಲಿ ನಿಮ್ಮವ್ವ ಇಲ್ಲ. ಮೋಟಾರ್ ಸೈಕಲ್ ಇದೆ. ನಿಮ್ಮವ್ವ ಮಲಗೋ ಜಾಗದಲ್ಲಿ ಅದು ಮಲಗುತ್ತೆ. ಸರೀನಾ?"

"ಸರಿ."

"ಹಂಗಾದ್ರೆ ಇನ್ಮೇಲೆ ತಿಪ್ಪೆಗೆ ಅದೇ ಅಜ್ಜಿ. ಇದ್ರಲ್ಲಿ ಅಳೋಕೇನಿದೆ? ಹೊಸ ಅಜ್ಜಿ ಬಂದಿದ್ದಾಳೆ. ಹೋಗಿ ಮಾತಾಡ್ಸ್ಕೊಂಡು ಬರೋಣ."

ಶುಕ್ರವಾರದ ನಮಾಜು ಮುಗಿದಿತ್ತು. ದೆಂಬೊ ಬಿಳಿ ನಿಲುವಂಗಿಯಲ್ಲಿ ಊರ ಹಿರಿಯರನ್ನು ಮಾವಿನ ಮರದಡಿ ಕೂರಿಸಿಕೊಂಡು ಚಹಾ ಹುಯ್ಯುತ್ತಿದ್ದ. ಹದಿನಾಲ್ಕು ಜನ ಕಾನ್ಯೆಲೆಂಗ್ ಹೆಂಗಸರು ತಗಡು ಬಡಿಯುತ್ತಾ ಹಟ್ಟಿಗೆ ನುಗ್ಗಿದರು. ಹಿರಿಯರನ್ನು ತಿರುಗಿಯೂ ನೋಡಲಿಲ್ಲ. ನೇರ ಮೋಟಾರ್ ಸೈಕಲ್ ಹತ್ತಿರ ಹೋದರು. ಅದರ ಕನ್ನಡಿಗಳಿಗೆ ತಲೆವಸ್ತ್ರ ಸುತ್ತಿದರು. ಸೀಟಿಗೆ ಮುದುಕಿಗೆ ಉಡಿಸುವಂತೆ ಬಟ್ಟೆ ಉಡಿಸಿದರು. ಸಾಲಾಗಿ ಮಂಡಿಯೂರಿದರು. ಜಲಿಕಾ ಅದರ ಹ್ಯಾಂಡಲ್ ಹಿಡಿದು ಕ್ಷೇಮ ಕೇಳಿದಳು.

"ಅಜ್ಜೀ, ಮನೇವ್ರೆಲ್ಲ ಹೇಗಿದ್ದಾರೆ?"

ಹಿಂದೆ ಅವಿತಿದ್ದ ಒಬ್ಬಳು ಬಾಯಲ್ಲಿ "ಡುರ್ರ್" ಎಂದಳು.

"ಮಕ್ಕಳು ನೆಮ್ಮದಿಯಾಗಿದ್ದಾರಾ?"

"ಡುರ್ರ್."

"ಸೊಂಟನೋವು ಹೇಗಿದೆ? ಪೆಟ್ರೋಲು ಸರಿಯಾಗಿ ಇಳೀತಿದ್ಯಾ?"

"ಡುರ್ರ್ ಡುರ್ರ್."

ಹಿರಿಯರಲ್ಲಿ ಒಬ್ಬನ ಮೂಗಿನಿಂದ ಚಹಾ ಬಂತು. ದೆಂಬೊ ಮುಖ ಬಿಗಿದುಕೊಂಡು ಕೂತ. ಸಿಟ್ಟು ಮಾಡುವಂತಿಲ್ಲ. ಜಲಿಕಾ ತಿಪ್ಪೆಯನ್ನು ನನ್ನ ಕಂಕುಳಿಂದ ಎತ್ತಿಕೊಂಡು ಸೀಟಿನ ಮೇಲೆ ಕೂರಿಸಿ ಹಿಡಿದುಕೊಂಡಳು. "ತಗೋ ಅಜ್ಜಿ, ಮೊಮ್ಮಗಳು. ಹೇತಿದ್ದಾಳೆ. ತೊಳಿ."

ಅಂದಿನಿಂದ ಊರಿಗೆ ಊರೇ ಅದನ್ನು ಅಜ್ಜಿ ಎಂದು ಕರೆಯಿತು. ಭಾನುವಾರ ಸಂತೆಗೆಂದು ದೆಂಬೊ ಗಾಡಿ ಏರಿದರೆ ದಾರಿಯ ಪ್ರತಿ ಬೇಲಿಯ ಹಿಂದಿನಿಂದ ಮಾತು ಬರುವುದು: "ಮುದುಕಿ ಬೆನ್ ಮೇಲೆ ಕೂತ್ಕೊಂಡು ಎಲ್ಲಿಗೋ ಹೊರಟೆ? ನಿಂಗೆ ಕಾಲಿಲ್ವಾ?" ಎರಡು ಸಂತೆ ಕಳೆಯುವ ಹೊತ್ತಿಗೆ ಅವನು ನಡೆದುಕೊಂಡು ಹೋಗತೊಡಗಿದ. ಆದರೂ ಅವ್ವ ಹೊರಡಬೇಕು ಎಂಬ ಮಾತನ್ನು ಬಿಡಲಿಲ್ಲ. ಪೆಟ್ರೋಲ್ ಕ್ಯಾನನ್ನು ತಂದು ಗುಡಿಸಲಿನ ಒಳಗೆ, ಅವ್ವನ ಚಾಪೆಯ ಪಕ್ಕದಲ್ಲೇ ಇಟ್ಟ. ಮಗು ಆ ವಾಸನೆಯಲ್ಲಿ ಮಲಗಬೇಕಾಯಿತು.

ಮೊದಲ ಮಳೆ ಬಿತ್ತು. ಅವ್ವ ಪೆಟ್ಟಿಗೆ ಕಟ್ಟಿದಳು. ನಾಟಿಯ ದಿನ ಬಂತು.

ಬೆಳಿಗ್ಗೆ ಊರಿನ ಹೆಂಗಸರು ಸಸಿಯ ಕಟ್ಟು ತಲೆಯ ಮೇಲಿಟ್ಟುಕೊಂಡು ಗದ್ದೆಯ ದಾರಿ ಹಿಡಿದರು. ದಾರಿಯಲ್ಲಿ ನಮ್ಮ ಹಟ್ಟಿ. ಒಬ್ಬೊಬ್ಬಳೂ ಒಳಗೆ ಬಂದು ಬೆನ್ನಿನ ಮಗುವನ್ನು ಬಿಚ್ಚಿ ಮೋಟಾರ್ ಸೈಕಲ್ ಮುಂದಿನ ಚಾಪೆಯ ಮೇಲೆ ಇಳಿಸಿದಳು. "ಅಜ್ಜಿ, ನೋಡ್ಕೊ. ಮಧ್ಯಾಹ್ನ ಬರ್ತೀನಿ." ಹತ್ತೊಂಬತ್ತು ಮಕ್ಕಳು. ನಡೆಯುವವು, ತೆವಳುವವು, ಬರೀ ಕಿರುಚುವವು.

ಅವ್ವ ಮತ್ತು ಊರಿನ ಐದು ಮುದುಕಿಯರು ಮಾವಿನ ಮರದಡಿ ಕೂತಿದ್ದರು. ಮಕ್ಕಳಿಂದ ಹತ್ತು ಹೆಜ್ಜೆ. ಕಣ್ಣು ಮಕ್ಕಳ ಮೇಲೆ, ಕೈ ಮಡಿಲಲ್ಲಿ. ನಾನೂ ಗದ್ದೆಗೆ ಹೋಗಲಿಲ್ಲ. ಮರದ ಒರಳನ್ನು ಬೋರಲು ಹಾಕಿ ಅದರ ಮೇಲೆ ಕೂತೆ.

ದೆಂಬೊ ಹೊರಗೆ ಬಂದ. "ಏನಿದು? ನೀನ್ಯಾಕೆ ಹೋಗ್ಲಿಲ್ಲ?"

"ನಾನು ನಾಟಿಗೆ ಹೋಗಲ್ಲ ಭಾವ."

"ಹೋಗ್ದಿದ್ರೆ ಅಕ್ಕಿ ಎಲ್ಲಿಂದ ಬರುತ್ತೆ? ಮನೆಯವ್ರೆಲ್ಲ ಏನ್ ತಿಂತಾರೆ?"

"ಮೋಟಾರ್ ಸೈಕಲ್ ನಾಟಿ ಮಾಡ್ಲಿ."

ಹದಿಮೂರು ವರ್ಷ ಆ ಹಟ್ಟಿಯಲ್ಲಿ ಇದ್ದೆ. ಅವನಿಗೆ ಇಲ್ಲ ಎಂದದ್ದು ಅದೇ ಮೊದಲು. ಒರಳಿನ ಮೇಲಿಂದ ಏಳಲಿಲ್ಲ.

ಒಂದು ಮಗು ಅಳತೊಡಗಿತು. ಅದನ್ನು ನೋಡಿ ಇನ್ನೊಂದು. ದೆಂಬೊ ಅವ್ವನ ಕಡೆ ತಿರುಗಿದ.

"ಅತ್ತೆ, ಮಗು ಅಳ್ತಿದೆ."

"ಹೌದಪ್ಪ. ನಮ್ಮೂರ ಕಡೆಯೂ ಮಕ್ಕಳು ಹಿಂಗೇ ಅಳ್ತವೆ."

"ಎತ್ಕೊಳ್ಳಿ ಅಂದೆ."

"ನೆಂಟ್ರ ಕೈಲಿ ಕೆಲ್ಸ ಮಾಡಿಸ್ಬಾರ್ದು. ನಿಂಗೇ ಮರ್ಯಾದೆ ಅಲ್ಲ."

ದೆಂಬೊ ಒಂದನ್ನು ಎತ್ತಿಕೊಂಡ. ಮೀನು ಹಿಡಿದಂತೆ ಹಿಡಿದ. ಅಷ್ಟರಲ್ಲಿ ಇನ್ನೊಂದು ಒಲೆಯ ಕಡೆ ತೆವಳಿತು. ಓಡಿದ. ಅದನ್ನು ಎಳೆದು ತರುವಾಗ ಮತ್ತೊಂದು ಕೋಳಿಯ ಹಿಕ್ಕೆ ಬಾಯಿಗಿಟ್ಟುಕೊಂಡಿತು. ಅದರ ಬಾಯಿಗೆ ಬೆರಳು ಹಾಕಿದ. ಕಚ್ಚಿತು. ಮುದುಕಿಯರು ತಾವೂ ನೆಂಟರೆಂಬಂತೆ ತಲೆ ಅಲ್ಲಾಡಿಸಿ, ಈ ಊರಿನ ಆತಿಥ್ಯ ಚೆನ್ನಾಗಿದೆ ಎಂದು ಮಾತಾಡಿಕೊಂಡರು. ಬೇಲಿಯಾಚೆ ಗಂಡಸರು ಸೇರಿದ್ದರು. ಒಬ್ಬನೂ ಒಳಗೆ ಬರಲಿಲ್ಲ. ಒಳಗೆ ಬಂದರೆ ತನ್ನ ಕೈಗೂ ಒಂದು ಮಗು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಹೊತ್ತು ನೆತ್ತಿಗೆ ಬಂತು. ಮಕ್ಕಳಿಗೆ ಹಸಿವು. ದೆಂಬೊ ಅಡುಗೆ ಗುಡಿಸಲಿಗೆ ಹೋಗಿ ಸಿಕ್ಕಿದ ಗಡಿಗೆಯಿಂದ ಒಂದು ಬಟ್ಟಲು ಗಂಜಿ ತೋಡಿಕೊಂಡು ಬಂದ. ಮೊದಲು ಕೈ ಚಾಚಿದವಳು ನನ್ನ ತಿಪ್ಪೆ. ಅವನು ಬಟ್ಟಲನ್ನು ಅವಳ ಬಾಯಿಗೆ ಹಿಡಿದ.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಅವನ ಮಣಿಕಟ್ಟು ಹಿಡಿದೆ. ಭಾವನ ಮೈ ಮುಟ್ಟುವುದು ನಮ್ಮಲ್ಲಿಲ್ಲ. ಹಿಡಿದೆ.

"ಮೂಸಿ ನೋಡಿ."

"ಏನು?"

"ಮೂಸಿ ಭಾವ."

ಮೂಸಿದ. ಮುಖ ಕಿವುಚಿದ. "ಹುಳಿ ಬಂದಿದೆ."

"ನನ್ ಮಗನಿಗೆ ಕುಡಿಸಿದ್ದೂ ಇಂಥದ್ದೇ. ಕುಡಿಸಿದ್ದು ಯಾರು ಅಂತ ಇವತ್ತಿನವರೆಗೂ ನಂಗೊತ್ತಿಲ್ಲ. ನಿಮ್ಮಲ್ಲಿ ಯಾರೋ ಒಬ್ರು. ಬೇಕು ಅಂತ ಕೊಟ್ಟಿರಲ್ಲ. ಮೂಸಿ ನೋಡಿರಲ್ಲ, ಅಷ್ಟೇ. ಅದು ಯಾರ ಕೆಲ್ಸಾನೂ ಆಗಿರ್ಲಿಲ್ಲ. ಈಗ ಮೂಸೋಕೆ ಒಬ್ಳು ಬಂದಿದ್ದಾಳೆ. ಅವಳ್ನ ನೆಂಟ್ರು ಅಂತೀರಿ. ಅವಳು ಹೋದ ದಿನ ನಾನೂ ಈ ಮಗು ಎತ್ಕೊಂಡು ಹೋಗ್ತೀನಿ. ನಿಮ್ ಪಟ್ಟೀಲಿ ಮೋಟಾರ್ ಸೈಕಲ್ ಒಂದೇ ಉಳೀಲಿ."

ಬೇಲಿಯ ಹೊರಗೆ ನಗು ನಿಂತಿತು. ದೆಂಬೊ ಬಟ್ಟಲು ಹಿಡಿದುಕೊಂಡೇ ನಿಂತಿದ್ದ. ಗಂಜಿಯನ್ನು ಕೋಳಿಗಳ ಮುಂದೆ ಸುರಿದ. ಆಮೇಲೆ ಗುಡಿಸಲಿನೊಳಗೆ ಹೋದ. ಪೆಟ್ರೋಲ್ ಕ್ಯಾನು ಹಿಡಿದು ಹೊರಗೆ ಬಂದ. ಅವ್ವನ ಮುಖ ನೋಡದೆ, ಸೂರು ನೋಡುತ್ತಾ ಹೇಳಿದ:

"ಇದು ಸೋರುತ್ತೆ. ಹುಲ್ಲು ಹೊದಿಸ್ಬೇಕು."

"ಹೊದಿಸಪ್ಪ," ಎಂದು ಅವ್ವ ಎದ್ದಳು. ಸೊಂಟಕ್ಕೆ ಬಟ್ಟೆ ಬಿಗಿದಳು. ಐವರು ಮುದುಕಿಯರೂ ಎದ್ದರು. ಐದು ನಿಮಿಷದಲ್ಲಿ ಒಲೆಯ ಮೇಲೆ ಹೊಸ ಗಂಜಿ ಇತ್ತು. ನಾನು ಸಸಿಯ ಕಟ್ಟು ಹೊತ್ತು ಗದ್ದೆಗೆ ಹೋದೆ. ದೂರದಿಂದ ನನ್ನನ್ನು ಕಂಡ ಜಲಿಕಾ ಕೆಸರಿನಲ್ಲೇ ಕುಣಿದು ಜಾರಿ ಬಿದ್ದಳು. ಅವಳನ್ನು ಎತ್ತಲು ಮೂವರು ಬೇಕಾದರು.

ಮೋಟಾರ್ ಸೈಕಲ್ ಆ ಮಳೆಗಾಲವೆಲ್ಲ ಪ್ಲಾಸ್ಟಿಕ್ ಹೊದ್ದು ಮರದಡಿ ನಿಂತಿತು. ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಹಿಟ್ಟಿನ ಚೀಲ ಬಂದಾಗ ದೆಂಬೊನ ಹೆಸರಿಗೇ ಬಂತು. ಅದನ್ನು ಕಾಯಿಸಿ ಕುಡಿಸಿದ್ದು ಅವ್ವ. ಆ ಮಳೆಗಾಲ ಊರಲ್ಲಿ ಐದು ಮಕ್ಕಳು ಹೋದವು. ತಿಪ್ಪೆ ಹೋಗಲಿಲ್ಲ. ಐದರಲ್ಲಿ ಒಂದು ಜಲಿಕಾಳ ತಂಗಿಯದು. ಮೂರು ದಿನ ಜಲಿಕಾ ತಲೆಗೆ ಸೋರೆಬುರುಡೆ ಇಡಲಿಲ್ಲ. ನಾಲ್ಕನೆಯ ದಿನ ಇಟ್ಟುಕೊಂಡು ತಂಗಿಯ ಬಾಗಿಲಲ್ಲಿ ನಿಂತಳು. ಬೆಳೆ ಕುಯ್ಯುವ ಹೊತ್ತಿಗೆ ಇನ್ನೂ ಮೂವರು ಸೊಸೆಯಂದಿರು ತಮ್ಮ ಅವ್ವಂದಿರನ್ನು ಕರೆಸಿಕೊಂಡಿದ್ದರು. ಊರೆಲ್ಲ ಅತ್ತೆಯರೇ ತುಂಬಿದರು, ಕಾಲು ಚಾಚಲು ಜಾಗವಿಲ್ಲ ಎಂದು ಗಂಡಸರು ಗೊಣಗಿದರು.

ತಿಪ್ಪೆಗೆ ಮೂರು ತುಂಬಿತು. ಓಡುತ್ತಾಳೆ, ಬಯ್ಯುತ್ತಾಳೆ, ಯಾರ ತಟ್ಟೆಯಿಂದ ಬೇಕಾದರೂ ಕಿತ್ತು ತಿನ್ನುತ್ತಾಳೆ. ಒಂದು ಶುಕ್ರವಾರ ಅವ್ವ ಮತ್ತೆ ಪೆಟ್ಟಿಗೆ ಕಟ್ಟಿದಳು. ಈ ಸಲ ಯಾರೂ ಕಟ್ಟಿಸಲಿಲ್ಲ.

"ನಿನ್ ತಂಗಿಗೆ ತಿಂಗಳು ತುಂಬಿದೆ," ಎಂದಳು. "ಅವಳ ಗಂಡನ ಹಟ್ಟೀಲೂ ಜನ ಬೇಕಾದಷ್ಟಿದ್ದಾರಂತೆ. ಅದಕ್ಕೇ ಭಯ."

ನಮಾಜು ಮುಗಿಸಿ ಬಂದ ದೆಂಬೊ ಅಂಗಳದಲ್ಲಿ ಪೆಟ್ಟಿಗೆ ನೋಡಿ ನಿಂತ.

"ನಾನು ಹೋಗಿ ಅನ್ಲಿಲ್ವಲ್ಲ ಅತ್ತೆ."

"ನೀನು ಅಂದಾಗ ಹೋಗೋಳು ಅಲ್ವಲ್ಲಪ್ಪ ನಾನು."

ಅವಳು ಹೊರಟಳು. ತಿಪ್ಪೆ ನೆಲದ ಮೇಲೆ ಬಿದ್ದು ಹೊರಳಾಡಿ ಕಿರುಚಿದಳು. ತಿರುವಿನವರೆಗೆ ಹೊತ್ತು ಕೊಡಲು ನನ್ನ ಎರಡೂ ಕೈಯಲ್ಲಿ ಅವ್ವನ ಕೋಳಿಬುಟ್ಟಿಗಳಿದ್ದವು. ದೆಂಬೊ ಅತ್ತ ಇತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಬಗ್ಗಿ ಅವಳನ್ನು ಎತ್ತಿಕೊಂಡ. ಈಗ ಸ್ವಲ್ಪ ಮಗುವನ್ನು ಎತ್ತಿಕೊಂಡಂತೆಯೇ ಎತ್ತಿಕೊಂಡ. ಅವಳು ಅವನ ಗಡ್ಡ ಹಿಡಿದು ಎಳೆದಳು. ಆಮೇಲೆ ಅವನ ಬಿಳಿ ನಿಲುವಂಗಿಯ ಎದೆಯಿಂದ ಅಂಚಿನವರೆಗೂ ಉಚ್ಚೆ ಹೊಯ್ದಳು. ಅವನು ಅವಳನ್ನು ಕೆಳಗಿಳಿಸಲಿಲ್ಲ. ಅವ್ವ ದಾರಿಯ ತಿರುವಿನಲ್ಲಿ ಮರೆಯಾಗುವವರೆಗೂ ಹಾಗೇ ನಿಂತಿದ್ದ.

ಸಂಜೆ ಆ ನಿಲುವಂಗಿಯನ್ನು ತಂದು ನನ್ನ ಬಕೆಟ್ಟಿನ ಪಕ್ಕದಲ್ಲಿ ಇಟ್ಟ. ನಾನು ಅದನ್ನು ನೋಡಿದೆ. ಅವನನ್ನು ನೋಡಿದೆ. ಸೋಪನ್ನು ಅವನ ಕಡೆಗೆ ಸರಿಸಿ, ಮಗಳಿಗೆ ಗಂಜಿ ಕಾಯಿಸಲು ಹೋದೆ.